ಎಷ್ಟು ಹಾಕೋಣ?

1

ಕಲ್ಯಾಣ ಮಂಟಪದ ಮುಂದೆ ನಿಂತ ಕಾರುಗಳಲ್ಲಿ ಕೆಲವು ತಕ್ಷಣ ಬಾಗಿಲು ತೆರೆಯುವುದಿಲ್ಲ. ಎಂಜಿನ್ ಆರಿರುತ್ತದೆ, ಒಳಗಿನ ದೀಪ ಹೊತ್ತಿರುತ್ತದೆ. ಗಂಡನ ಕೈಯಲ್ಲಿ ಪರ್ಸು, ಹೆಂಡತಿಯ ಮಡಿಲಲ್ಲಿ ಕವರು. ಸ್ವಲ್ಪ ಹೊತ್ತು ಮಾತು. ಆಮೇಲೆ ಇಬ್ಬರೂ ಇಳಿಯುತ್ತಾರೆ.

ಪತ್ರಿಕೆ ಮನೆಗೆ ಬಂದು ತಿಂಗಳಾಗಿರುತ್ತದೆ. ಸೀರೆ ಯಾವುದೆಂದು ವಾರದ ಹಿಂದೆಯೇ ತೀರ್ಮಾನವಾಗಿರುತ್ತದೆ. ಮೊತ್ತ ಮಾತ್ರ ಪಾರ್ಕಿಂಗಿನಲ್ಲಿ.

2

"ಎಷ್ಟು ಹಾಕೋಣ?"

"ಅವ್ರು ನಮಗೆಷ್ಟು ಹಾಕಿದ್ರು?"

ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ಜನರ ಬಾಯಲ್ಲಿ ಇದೇ ಎರಡು ಮಾತು, ಇದೇ ಕ್ರಮದಲ್ಲಿ.

3

ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ ಕವರು ಹತ್ತರ ಕಟ್ಟಿನಲ್ಲಿ ಸಿಗುತ್ತದೆ. ಮೇಲೆ ಗಣಪತಿ, ಇಲ್ಲವೇ ಕಲಶ, ಇಲ್ಲವೇ ಎರಡು ನವಿಲು. ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯ ಅಂಟಿಸಿರುತ್ತಾರೆ. ಕವರಿನ ಬೆಲೆಯಲ್ಲಿ ನಾಣ್ಯದ ಬೆಲೆಯೂ ಸೇರಿದೆ. ಅಂದರೆ ರೂಪಾಯಿಯನ್ನು ದುಡ್ಡು ಕೊಟ್ಟು ಕೊಳ್ಳುವ ಅಂಗಡಿ ಇದು.

ನಾಣ್ಯ ಹಚ್ಚದ ಕವರು ಅಗ್ಗ. ಅದನ್ನು ಕೊಂಡವರು ನಾಣ್ಯಕ್ಕಾಗಿ ಪಕ್ಕದ ಬೀಡಾ ಅಂಗಡಿಯ ಮುಂದೆ ನಿಲ್ಲುತ್ತಾರೆ.

4

101, 251, 501, 1,001. ಕೊನೆಯ ಒಂದು ಯಾಕೆ ಎಂದು ಕೇಳಿದೆ. ಒಬ್ಬರು, ಸೊನ್ನೆಯಲ್ಲಿ ಮುಗಿಯಬಾರದು ಎಂದರು. ಇನ್ನೊಬ್ಬರು, ಬೆಸ ಸಂಖ್ಯೆಯನ್ನು ಇಬ್ಬರು ಸಮನಾಗಿ ಹಂಚಿಕೊಳ್ಳಲಾಗದು, ಗಂಡ ಹೆಂಡಿರು ಒಟ್ಟಿಗಿರಲಿ ಎಂದು ಹಾಗೆ ಎಂದರು. ಮೂರನೆಯವರು, "ಎಲ್ರೂ ಹಾಕ್ತಾರೆ, ಹಾಕಪ್ಪ" ಎಂದರು.

5

ಕೋಲಾರ, ಬಳ್ಳಾರಿ, ರಾಯಚೂರಿನ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ 101 ಅಲ್ಲ, 116. ದೊಡ್ಡವರು 1,116.

ಇದಕ್ಕೊಂದು ಕತೆ ಇದೆ. ಹೈದರಾಬಾದಿನ ನಿಜಾಮರ ರಾಜ್ಯಕ್ಕೆ ಅದರದೇ ರೂಪಾಯಿ ಇತ್ತು, ಹಾಲಿ ಸಿಕ್ಕ. ಅಂಥ 7 ರೂಪಾಯಿ ಬ್ರಿಟಿಷರ 6 ರೂಪಾಯಿಗೆ ಸಮ. ಆ ಲೆಕ್ಕದಲ್ಲಿ ಬ್ರಿಟಿಷರ 100 ರೂಪಾಯಿ ಕೊಡಬೇಕಾದವರು ನಿಜಾಮರ 116 ರೂಪಾಯಿ ಚಿಲ್ಲರೆ ಕೊಡಬೇಕು. ಅಲ್ಲಿಂದ ಬಂತು 116 ಎನ್ನುವವರಿದ್ದಾರೆ. ಅದು ಕತೆಯೇ ಇರಬಹುದು. ವಿನಿಮಯದ ದರ ಮಾತ್ರ ನಿಜ. ಕಲಬುರಗಿ, ಬೀದರ್, ರಾಯಚೂರು 1948ರವರೆಗೆ ಆ ರಾಜ್ಯದಲ್ಲೇ ಇದ್ದವು.

ಆ ರೂಪಾಯಿ ಈಗ ಇಲ್ಲ. ವಿನಿಮಯದ ಚಿಲ್ಲರೆ ಕವರಿನಲ್ಲಿ ಉಳಿದಿದೆ ಎಂದು ನಂಬುವವರು ನಂಬಬಹುದು.

6

ಒಂದು ರೂಪಾಯಿ ನೋಟನ್ನು ರಿಸರ್ವ್ ಬ್ಯಾಂಕ್ ಹೊರಡಿಸುವುದಿಲ್ಲ, ಭಾರತ ಸರ್ಕಾರ ಹೊರಡಿಸುತ್ತದೆ. ಅದರ ಮೇಲೆ ಗವರ್ನರ್ ಸಹಿ ಇಲ್ಲ, ಹಣಕಾಸು ಕಾರ್ಯದರ್ಶಿಯ ಸಹಿ. 1994ರಲ್ಲಿ ಮುದ್ರಣ ನಿಂತಿತ್ತು. 2015ರಲ್ಲಿ ಮತ್ತೆ ಶುರುವಾಯಿತು. ಅಂಗಡಿಯಲ್ಲಿ ಅದನ್ನು ಕೊಟ್ಟು ಸಾಮಾನು ತಂದವರನ್ನು ನಾನು ನೋಡಿಲ್ಲ. ಮದುವೆಯ ಕವರಿನಲ್ಲಿ ನೋಡಿದ್ದೇನೆ, ಗರಿಗರಿಯಾಗಿ.

7

ಮಂಡ್ಯ ಕಡೆಯ ಒಂದು ಮನೆಯಲ್ಲಿ ಮುಯ್ಯಿ ಪುಸ್ತಕ, ಅಂದರೆ ಮದುವೆಗೆ ಯಾರು ಎಷ್ಟು ಹಾಕಿದರು ಎಂದು ಬರೆದಿಟ್ಟದ್ದು, ನೋಡಲು ಕೊಟ್ಟರು. 1989ರ ಮದುವೆಯದು. ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ಬೆನ್ನು. ಮೊದಲ ಪುಟದ ನಾಲ್ಕು ಮೂಲೆಗೂ ಅರಿಸಿನ, ನಡುವೆ "ಶ್ರೀ". ಎಡಕ್ಕೆ ಊರು, ನಡುವೆ ಹೆಸರು, ಬಲಕ್ಕೆ ರೂಪಾಯಿ. ಬರೆದವರು ಊರಿನ ಮೇಷ್ಟ್ರು, ಅಕ್ಷರ ದುಂಡಗಿದೆ. ರಾತ್ರಿ ಹೊತ್ತಿನ ಪುಟಗಳಲ್ಲಿ ಅಕ್ಷರ ಬೇರೆ, ಮೇಷ್ಟ್ರು ಊಟಕ್ಕೆ ಎದ್ದಿರಬೇಕು.

ಹೆಸರಿನ ಜಾಗದಲ್ಲಿ ಎಷ್ಟೋ ಕಡೆ ಹೆಸರಿಲ್ಲ. "ಮೇಲಿನ ಮನೆಯವರು 21". "ಡೈರಿ ಸೆಕ್ರೆಟರಿ 51". "ಗಾಣದ ಮನೆ ಅಜ್ಜಿ 5". "ಬಸ್ ಕಂಡಕ್ಟರ್ (ಬೆಳಗಿನ ಬಸ್ಸು) 11". "ಸೋಸೈಟಿಯವರು ಎಲ್ಲಾ ಸೇರಿ ಗಡಿಯಾರ 1".

ಒಂದು ಸಾಲು ಹೀಗಿದೆ: "ಬಂದಿಲ್ಲ, ಕಳಿಸಿದ್ದಾರೆ, 10". ಅದರ ಕೆಳಗಿನದು: "ಬಂದಿದ್ದರು". ಮೊತ್ತದ ಜಾಗ ಖಾಲಿ.

8

ಅದೇ ಪುಸ್ತಕ. ಕೆಲವು ಹೆಸರುಗಳ ಮುಂದೆ ಕೆಂಪು ಇಂಕಿನ ಗುರುತು. ತಿರುಗಿ ಮಾಡಿ ಆಗಿದೆ ಎಂದು ಅದರ ಅರ್ಥ. ಗುರುತುಗಳ ಕೆಂಪು ಒಂದೇ ಥರ ಇಲ್ಲ, ಕೆಲವು ಕಂದು ಬಣ್ಣಕ್ಕೆ ತಿರುಗಿವೆ. ಮೂವತ್ತು ಚಿಲ್ಲರೆ ವರ್ಷದಲ್ಲಿ ಪೆನ್ನು ಬದಲಾಗುತ್ತಾ ಬಂದಿದೆ.

ಗುರುತಿಲ್ಲದವರು ಇನ್ನೂ ಇದ್ದಾರೆ. "ಅವ್ರ ಮನೇಲಿ ಮದ್ವೆನೇ ಆಗ್ಲಿಲ್ಲ" ಎಂದರು ಮನೆಯ ಯಜಮಾನರು. ಸಾಲ ಕೊಟ್ಟವನು ಕೇಳಲು ಬಾರದೆ ಇದ್ದರೆ ಎಷ್ಟು ಕಸಿವಿಸಿಯೋ, ಅಷ್ಟು ಕಸಿವಿಸಿ ಅವರ ಮುಖದಲ್ಲಿತ್ತು.

9

ಡೈರಿ ಸೆಕ್ರೆಟರಿಯ ಮೊಮ್ಮಗಳ ಮದುವೆ ಬಂದಿದೆ. ಆ 51ಕ್ಕೆ ಈಗ ಎಷ್ಟು? ನಾನು ಕೂತಿದ್ದಂತೆಯೇ ಚರ್ಚೆ ನಡೆಯಿತು.

ಯಜಮಾನರು ಹೇಳಿದರು: "ಆಗ ಹೆಣ್ಣಾಳಿಗೆ ಹತ್ರುಪಾಯಿ ಕೂಲಿ ಕಣಪ್ಪ. ಐವತ್ತೊಂದು ಅಂದ್ರೆ ಐದಾಳು. ಈಗ ಐದಾಳು ಅಂದ್ರೆ ಎಷ್ಟಾಯ್ತು, ನೀನೇ ಹೇಳು."

ಮಗ ಮೊಬೈಲು ತೆಗೆದು ಚಿನ್ನದ ಬೆಲೆ ಹುಡುಕಿದ. ಅದು ಆಳಿನ ಲೆಕ್ಕಕ್ಕಿಂತ ಮೇಲೆ ಹೋಯಿತು. ಫೋನು ಮಡಗಿದ.

ಒಳಗಿನಿಂದ ಯಜಮಾನಿತಿ: "ಸೆಕ್ರೆಟರಿ ಎಂಡ್ತಿ ನಾಕ್ ದಿನ ಮುಂಚೆನೇ ಬಂದು ಅಪ್ಪಳ ಒತ್ತಿ, ಅಕ್ಕಿ ಆರಿಸ್ಕೊಟ್ಟೋದ್ಲು. ಅದ್ನ ಎಲ್ಲಿ ಬರ್ದಿದೀರಿ ತೋರ್ಸಿ."

ಯಜಮಾನರು ಪುಟ ತಿರುವಿದರು. ಎಲ್ಲೂ ಇರಲಿಲ್ಲ.

ಕೊನೆಗೆ 1,001 ಎಂದಾಯಿತು. ಅದು ಎಲ್ಲಿಂದ ಬಂತು ಎಂದು ನನಗೆ ತಿಳಿಯಲಿಲ್ಲ. ಯಾರ ಲೆಕ್ಕದಲ್ಲೂ ಆ ಸಂಖ್ಯೆ ಇರಲಿಲ್ಲ.

10

ಆ ಮನೆಯ ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಅವಳ ತವರಿನ ಪುಸ್ತಕ ತವರಿನಲ್ಲಿದೆ. ಈ ಮನೆಯ ಪುಸ್ತಕದಲ್ಲಿ ಅವಳ ಮದುವೆಯ ಅರ್ಧ ಮಾತ್ರ ಇದೆ.

11

1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಕೆಳಗೆ 1985ರಲ್ಲಿ ಕೆಲವು ನಿಯಮಗಳು ಬಂದವು. ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧು ಇಡಬೇಕು, ವರನಿಗೆ ಬಂದವುಗಳದನ್ನು ವರ ಇಡಬೇಕು. ಮದುವೆಯ ಹೊತ್ತಿನಲ್ಲೇ, ಇಲ್ಲವೇ ಆದಷ್ಟು ಬೇಗ ಬರೆಯಬೇಕು. ವಸ್ತುವಿನ ಚಿಕ್ಕ ವಿವರಣೆ, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟರಾದರೆ ಏನು ಸಂಬಂಧ ಎಂಬುದು. ಕೊನೆಗೆ ಇಬ್ಬರ ಸಹಿ. ವಧುವಿಗೆ ಸಹಿ ಮಾಡಲು ಬಾರದಿದ್ದರೆ ಪಟ್ಟಿಯನ್ನು ಅವಳಿಗೆ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಬಹುದು. ಓದಿ ಹೇಳಿದವರೂ ಸಹಿ ಹಾಕಬೇಕು.

ಈ ನಿಯಮ ಗೊತ್ತಿದ್ದವರು ನನಗೆ ಸಿಗಲಿಲ್ಲ. ಪಟ್ಟಿ ಇಡದ ಮನೆಯೂ ಸಿಗಲಿಲ್ಲ. ಎಲ್ಲ ಪಟ್ಟಿಗಳಲ್ಲೂ ಎಲ್ಲ ಇದೆ, ವಧೂವರರ ಸಹಿ ಒಂದನ್ನು ಬಿಟ್ಟು.

12

ಆದಾಯ ತೆರಿಗೆಯ ಮಾತು. ನೆಂಟರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿಗಿಂತ ಹೆಚ್ಚು ಉಡುಗೊರೆ ಬಂದರೆ ತೆರಿಗೆ ಇದೆ. ಮದುವೆಯಲ್ಲಿ ಬಂದದ್ದಕ್ಕೆ ಇಲ್ಲ. ಆದರೆ ಆ ವಿನಾಯಿತಿ ಮದುವೆಯಾಗುವವರಿಗೆ ಮಾತ್ರ, ಅಪ್ಪ ಅಮ್ಮನಿಗೆ ಇಲ್ಲ.

ಮಂಟಪಕ್ಕೆ ಬಂದವರಲ್ಲಿ ಮುಕ್ಕಾಲು ಪಾಲು ಅಪ್ಪ ಅಮ್ಮನ ಪರಿಚಯದವರು. ವೇದಿಕೆಯ ಮೇಲೆ ಮಗಳು, "ಇವ್ರು ಯಾರು?" ಎಂದು ತುಟಿ ಅಲುಗಿಸದೆ ಅಮ್ಮನನ್ನು ಕೇಳುತ್ತಿರುತ್ತಾಳೆ. ಕವರು ಅವಳ ಕೈಗೆ ಬರುತ್ತದೆ. ಕೈಯಿಂದ ಚಿಕ್ಕಪ್ಪನ ಮಗನ ಚೀಲಕ್ಕೆ ಹೋಗುತ್ತದೆ. ಚೀಲ ರಾತ್ರಿ ಅಪ್ಪನ ಬೀರುವಿಗೆ.

13

2017ರ ಏಪ್ರಿಲ್‌ನಿಂದ ಇನ್ನೊಂದು ನಿಯಮ ಇದೆ. ಒಬ್ಬರಿಂದ, ಒಂದು ಸಮಾರಂಭದ ಸಂಬಂಧ, ಎರಡು ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ನಮ್ಮ ಬೀದಿಯ ಮದುವೆಗಳಿಗೆ ಇದರಿಂದ ತೊಂದರೆ ಆದದ್ದು ಕೇಳಿಲ್ಲ.

14

ಕವರು ಚೀಲಕ್ಕೆ ಹಾಕುವ ಹುಡುಗ ಯಾರಾಗಬೇಕು ಎಂಬುದು ದೊಡ್ಡ ತೀರ್ಮಾನ. ಸಾಮಾನ್ಯವಾಗಿ ಕಾಲೇಜು ಓದುವ, ಹೆಚ್ಚು ಮಾತಾಡದ, ಹತ್ತಿರದ ನೆಂಟ. ಫೋಟೋಗಳಲ್ಲೆಲ್ಲ ಅವನ ಅರ್ಧ ಮುಖ ಇರುತ್ತದೆ. ಊಟಕ್ಕೆ ಅವನೇ ಕೊನೆ. ಹೆಣ್ಣಿನ ಕಡೆಗೊಬ್ಬ, ಗಂಡಿನ ಕಡೆಗೊಬ್ಬ. ಎರಡೂ ಕಡೆಗೆ ಬೇಕಾದವರು ಬಂದಾಗ ಇಬ್ಬರೂ ಚೀಲದ ಬಾಯಿ ಸ್ವಲ್ಪ ಅಗಲಿಸುತ್ತಾರೆ.

15

ಪತ್ರಿಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ: "ಆಶೀರ್ವಾದವೇ ಉಡುಗೊರೆ."

ಇದನ್ನು ಓದಿದವರು ಮೂರು ಥರ. ಒಂದು, ಬರಿಗೈಲಿ ಹೋಗುವವರು, ತೀರಾ ಕಡಿಮೆ. ಎರಡು, ಓದಿಲ್ಲ ಎನ್ನುವವರು. ಮೂರು, ಜೇಬಿನಲ್ಲಿ ಕವರು ಇಟ್ಟುಕೊಂಡು ಸಾಲಿನಲ್ಲಿ ನಿಂತು ಮುಂದಿನವರು ಏನು ಮಾಡುತ್ತಾರೆ ನೋಡುವವರು. ಮೂರನೆಯವರ ಮುಂದೆಯೂ ಸಾಮಾನ್ಯವಾಗಿ ಮೂರನೆಯವರೇ ಇರುತ್ತಾರೆ.

16

ನಿವೃತ್ತ ಬ್ಯಾಂಕ್ ನೌಕರರೊಬ್ಬರು ಎರಡು ಕವರು ಒಯ್ಯುತ್ತಾರೆ. ಬಲಜೇಬಿನಲ್ಲಿ 500, ಎಡಜೇಬಿನಲ್ಲಿ 1,000. ಮಂಟಪ, ಅಲಂಕಾರ, ಬಾಗಿಲಲ್ಲಿ ಯಾರು ಹೇಗೆ ಮಾತಾಡಿಸಿದರು, ಎಲ್ಲ ನೋಡಿದ ಮೇಲೆ ಯಾವ ಜೇಬು ಎಂದು ತೀರ್ಮಾನ. ದೊಡ್ಡ ಮಂಟಪ ಕಂಡರೆ ಎಡಜೇಬೋ ಬಲಜೇಬೋ ಎಂದು ಕೇಳಿದೆ. "ದೊಡ್ಡ ಮಂಟಪಕ್ಕೆ ಬಲ. ಅವ್ರಿಗೇನು ಕಮ್ಮಿ?" ಎಂದರು.

ಅವರ ಹೆಂಡತಿ ಇದಕ್ಕೆ ಸರಿ ಉಲ್ಟಾ ಹೇಳುತ್ತಾರೆ.

17

ಅಡುಗೆಯವರು ಎಲೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ. ಎಷ್ಟು ಎಲೆ ಬಿತ್ತು ಎಂದು ಪಂಕ್ತಿ ಪಂಕ್ತಿಗೂ ಒಬ್ಬ ಎಣಿಸುತ್ತಾನೆ. ಊಟ ಮಾಡುತ್ತಿರುವವರೂ ಮನಸ್ಸಿನಲ್ಲಿ ಎಣಿಸುತ್ತಾರೆ: ಎಲೆಗೆ ಎಷ್ಟಾಗಿರಬಹುದು, ನಾವು ಎಷ್ಟು ಜನ ಬಂದಿದ್ದೇವೆ, ಹಾಕಿದ್ದು ಎಷ್ಟು. ಹೋಳಿಗೆ ಎರಡನೆಯ ಸಲ ಬಂದಾಗ ಕೈ ಅಡ್ಡ ಹಿಡಿದವರು ಬರೀ ಹೊಟ್ಟೆ ತುಂಬಿ ಹಿಡಿದರು ಎಂದು ಹೇಳಲಾಗದು.

"ಐದ್ ಜನ ಹೋಗಿ ಐನೂರು ಕೊಟ್ರೆ ಹೆಂಗೆ?" ಎಂಬ ಮಾತಿಗೆ ಎರಡು ಪರಿಹಾರ ಕಂಡೆ. ಒಂದು, ಸಾವಿರ ಹಾಕುವುದು. ಇನ್ನೊಂದು, ಮಕ್ಕಳನ್ನು ಮನೆಯಲ್ಲಿ ಬಿಡುವುದು.

18

ಮನೆಗೆ ಬಂದು ಕುಂಕುಮ ಅಕ್ಷತೆ ಕೊಟ್ಟು ಕರೆದರೆ ಒಂದು ಮೊತ್ತ. ಆಫೀಸಿನಲ್ಲಿ ಮೇಜಿನ ಮೇಲೆ ಪತ್ರಿಕೆ ಇಟ್ಟು ಹೋದರೆ ಒಂದು. ವಾಟ್ಸಾಪ್‌ನಲ್ಲಿ ಬಂದರೆ ಇನ್ನೊಂದು. ಗ್ರೂಪಿಗೆ ಹಾಕಿದ್ದಾದರೆ ಕೈ ಮುಗಿಯುವ ಚಿತ್ರ.

19

ಸರ್ಕಾರಿ ಕಚೇರಿಯೊಂದರಲ್ಲಿ ಸಹೋದ್ಯೋಗಿಯ ಮದುವೆ. ಒಂದು ಹಾಳೆ ಮೇಜಿಂದ ಮೇಜಿಗೆ ಹೊರಟಿತು. ಎಡಕ್ಕೆ ಹೆಸರು, ಬಲಕ್ಕೆ ಮೊತ್ತ. ಮೊದಲಿನವರು 200 ಬರೆದಿದ್ದರು. ಕೆಳಗೆ ಎಲ್ಲರೂ 200.

ಹಾಳೆ ಒಯ್ಯುವ ಅಟೆಂಡರನ್ನು ಮಾತಿಗೆ ಎಳೆದೆ. "ಮೊದ್ಲು ಯಾರ ಟೇಬಲ್‌ಗೆ ಒಯ್ತೀನಿ ಅನ್ನೋದ್ರ ಮೇಲಿದೆ ಸಾರ್" ಎಂದ. ಸಾಹೇಬರ ಹತ್ತಿರ ಮೊದಲು ಹೋಗುವುದಿಲ್ಲ. ಅವರು 1,000 ಬರೆದರೆ ಉಳಿದವರು ಹಾಳೆಯನ್ನೇ ಮುಟ್ಟುವುದಿಲ್ಲ. ಬಿಟ್ಟರೆ 50 ಬರೆಯುವವರು ಒಬ್ಬರಿದ್ದಾರೆ, ಅವರು ಯಾವಾಗಲೂ ಕೊನೆ. ಅಷ್ಟು ಹೊತ್ತಿಗೆ ಮೇಲಿನ ಸಾಲೆಲ್ಲ 200 ಆಗಿರುವುದರಿಂದ ಅವರೂ 200 ಬರೆಯುತ್ತಾರೆ.

ಅವನ ಮದುವೆಗೆ ಹಾಳೆ ಯಾರು ಒಯ್ದರು ಎಂದು ಕೇಳಬೇಕಿತ್ತು.

20

ಹುಬ್ಬಳ್ಳಿ, ಬಾಗಲಕೋಟೆ ಕಡೆ ಮುಯ್ಯಿಗೆ ಆಯೇರಿ ಎನ್ನುತ್ತಾರೆ. ಅಲ್ಲಿ ದುಡ್ಡಿಗಿಂತ ಬಟ್ಟೆ ಹೆಚ್ಚು. ಗಂಡಸರಿಗೆ ಟವೆಲ್, ಟೋಪಿ. ಹೆಂಗಸರಿಗೆ ಸೀರೆ, ಜಂಪರ್ ಪೀಸು ಅಂದರೆ ಖಣ. ಕೊಟ್ಟವರಿಗೂ ತಿರುಗಿ ಕೊಡುತ್ತಾರೆ. ಗುಳೇದಗುಡ್ಡದ ಒಂದು ಖಣ ಮಡಿಕೆ ಬಿಚ್ಚದೆ ಮನೆಯಿಂದ ಮನೆಗೆ ಹೋಗುತ್ತದೆ. ತಾವು ಕೊಟ್ಟ ಖಣವೇ ಕೆಲವು ವರ್ಷದ ಮೇಲೆ ತಮಗೇ ಬಂತು ಎಂದು ಧಾರವಾಡದ ಒಬ್ಬ ಅಜ್ಜಿ ತೋರಿಸಿದರು. ಗುರುತು ಹೇಗೆ ಸಿಕ್ಕಿತು? ಅಂಚಿನಲ್ಲಿ ಅವರ ಕಪಾಟಿನ ಡಾಂಬರು ಗುಳಿಗೆಯ ಕಲೆ.

"ಚೊಲೋ ಆತು ಬಿಡ್ರಿ, ಇನ್ನೊಂದ್ ಮದವಿಗೆ ಆಕ್ಕೈತಿ" ಎಂದು ಒಳಗಿಟ್ಟರು.

21

ಉಕ್ಕಿನ ಪಾತ್ರೆಯ ಕಾಲದಲ್ಲಿ ಅಂಗಡಿಯವನು ಹೆಸರು ಕೆತ್ತಿಕೊಡುತ್ತಿದ್ದ. ಚುಕ್ಕಿ ಚುಕ್ಕಿಯ ಅಕ್ಷರ, ಕೆಳಗೆ ತಾರೀಕು. ನನ್ನ ಮನೆಯಲ್ಲಿ ನೀರು ಕುಡಿಯುವ ಚೊಂಬಿನ ಕುತ್ತಿಗೆಯ ಮೇಲೆ 12-5-1985 ಎಂದಿದೆ. ಅದರ ಮೇಲೆ ಹೆಸರಿರುವವರು ತೀರಿಕೊಂಡಿದ್ದಾರೆ. ಆ ದಿನ ಯಾರ ಮದುವೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಕಡೆಯದಂತೂ ಅಲ್ಲ. ಚೊಂಬು ಯಾವ ದಾರಿಯಲ್ಲಿ ಬಂತೋ.

22

ಹೆಸರು ಬರೆಯದ ಕವರುಗಳು. ಮದುವೆಯ ಮರುದಿನ ಚಾಪೆಯ ಮೇಲೆ ಅವನ್ನು ಬೇರೆ ಗುಡ್ಡೆ ಹಾಕುತ್ತಾರೆ. ಅಂಟಿಸಿದ ರೀತಿ, ನೋಟಿನ ಮಡಿಕೆ, ಕವರಿನ ವಾಸನೆ ಎಲ್ಲ ಪರೀಕ್ಷೆ. "ಇದು ಅರಿಸಿನದ ವಾಸ್ನೆ, ಕಿರಾಣಿ ಅಂಗ್ಡಿಯವ್ರದ್ದು." ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ.

23

ಇದಕ್ಕಿಂತ ಕಷ್ಟದ ಕವರು ಒಂದು ಮನೆಯಲ್ಲಿ ಸಿಕ್ಕಿತ್ತು. ಚೆಂದದ ಕೈಬರಹದಲ್ಲಿ ಹೆಸರು, ಊರು, "ಶುಭ ಹಾರೈಕೆಗಳು". ಒಳಗೆ ಏನೂ ಇಲ್ಲ.

ಮರೆತರೋ? ಬೇಕೆಂದೇ ಮಾಡಿದರೋ? ಕಾರಿನೊಳಗೆ ಮಾತು ಮುಗಿಯುವುದರೊಳಗೆ ಅಂಟಿಸಿಬಿಟ್ಟರೋ? ಕೇಳುವ ಹಾಗಿಲ್ಲ. ಪುಸ್ತಕದಲ್ಲಿ ಏನು ಬರೆಯುವುದು? ಗೆರೆ ಎಳೆದರೆ ನಾಳೆ ಮಕ್ಕಳು ನೋಡಿ ಅವರ ಮನೆಯ ಮದುವೆಗೆ ಗೆರೆಯನ್ನೇ ಕೊಟ್ಟು ಬಂದಾರು ಎಂದು ಆ ಮನೆಯ ಅಮ್ಮನಿಗೆ ಯೋಚನೆ. ಸಾಕಷ್ಟು ಹೊತ್ತು ಕೂತು ಎಲ್ಲರೂ ಒಪ್ಪಿ ಬರೆದ ಮೊತ್ತ: 501.

24

ಕವರಿನಿಂದ ನಾಣ್ಯ ಕೀಳುವುದು ಮಕ್ಕಳ ಕೆಲಸ. ಬಿಸಿನೀರಿನ ಬೋಗುಣಿಯಲ್ಲಿ ನೆನೆಹಾಕಿ ಉಜ್ಜುತ್ತಾರೆ. ಅಂಟು ಪೂರ್ತಿ ಹೋಗುವುದಿಲ್ಲ. ಮದುವೆ ಕಾಲ ಮುಗಿದ ಮೇಲೆ ಬಸ್ಸಿನಲ್ಲಿ ಕಂಡಕ್ಟರ್ ಕೊಡುವ ಚಿಲ್ಲರೆ ಬೆರಳಿಗೆ ಅಂಟಿಕೊಂಡರೆ ಎಲ್ಲಿಂದ ಬಂತು ಎಂದು ಈಗ ಗೊತ್ತಾಗುತ್ತದೆ.

25

2016ರ ನವೆಂಬರ್ 8ರ ರಾತ್ರಿ 500 ಮತ್ತು 1,000ದ ನೋಟು ರದ್ದಾದವು. ಅದು ಮದುವೆಯ ಕಾಲ. ಮದುವೆ ಇರುವ ಮನೆಯವರು ತಮ್ಮ ಖಾತೆಯಿಂದ ಎರಡೂವರೆ ಲಕ್ಷ ತೆಗೆಯಬಹುದು ಎಂದು ಆಮೇಲೆ ಅಪ್ಪಣೆಯಾಯಿತು. ಮದುವೆ ಡಿಸೆಂಬರ್ 30ರ ಒಳಗೆ ಇರಬೇಕು. ಜೊತೆಗೆ ಪತ್ರಿಕೆ, ಮಂಟಪಕ್ಕೂ ಅಡುಗೆಯವರಿಗೂ ಮುಂಗಡ ಕೊಟ್ಟ ರಸೀದಿ ಒಪ್ಪಿಸಬೇಕು.

ಬ್ಯಾಂಕಿನ ಕಡತಗಳ ನಡುವೆ ಆ ವರ್ಷದ ಮದುವೆ ಪತ್ರಿಕೆಗಳು ಎಲ್ಲೋ ಇರಬೇಕು. ಗಣಪತಿ, ಕಲಶ, ಎರಡು ನವಿಲು.

26

ನೋಟು ರದ್ದಾದ ವಾರದ ಒಂದು ಮದುವೆ. ಹಿಂದಿನ ವರ್ಷ ಅಕ್ಕನ ಮದುವೆಗೆ 100 ಹಾಕಿದ್ದ ಮನೆಗಳಿಂದ ಈ ಸಲ 500 ಬಂದಿತ್ತು. ಎಲ್ಲ ಹಳೆಯ ನೋಟು. ಪುಸ್ತಕದಲ್ಲಿ 500 ಎಂದೇ ಬರೆದುಕೊಂಡಿದ್ದಾರೆ. ತಿರುಗಿ ಕೊಡುವಾಗ ಯಾವ ಲೆಕ್ಕ ಎಂದು ಕೇಳಿದರೆ ನಕ್ಕರು.

27

ಆಮೇಲೆ ಬಂದ 2,000ದ ಗುಲಾಬಿ ನೋಟು ಕವರಿಗೆ ಹೇಳಿ ಮಾಡಿಸಿದಂತಿತ್ತು, ಒಂದೇ ಹಾಳೆ, ಮಡಿಸಬೇಕಿಲ್ಲ. 2023ರ ಮೇ 19ರಂದು ಅದನ್ನೂ ಹಿಂದಕ್ಕೆ ಪಡೆಯುವುದಾಗಿ ರಿಸರ್ವ್ ಬ್ಯಾಂಕ್ ಹೇಳಿತು. ಮತ್ತೆ ಮದುವೆಯ ಕಾಲ. ಬೀರುವಿನಲ್ಲಿದ್ದ ಗುಲಾಬಿ ನೋಟುಗಳಿಗೆ ನೆಂಟರ ನೆನಪಾಯಿತು.

ಈಗ ದೊಡ್ಡ ನೋಟು ಎಂದರೆ 500. ಐದು ಸಾವಿರ ಹಾಕಿದ ಕವರು ಉಬ್ಬುತ್ತದೆ. ವೇದಿಕೆಯ ಹುಡುಗನಿಗೆ ಮುಟ್ಟಿದರೆ ತಿಳಿಯುತ್ತದೆ. ಚೆನ್ನಾಗಿ ಉಬ್ಬಿದ ಕವರಿನೊಳಗೆ ಐವತ್ತರ ನೋಟುಗಳಿದ್ದದ್ದೂ ಉಂಟು.

28

ಫೋನ್‌ಪೇಯಲ್ಲಿ 1,001 ಕಳಿಸಿದವರಿದ್ದಾರೆ. ನಾಣ್ಯಕ್ಕಾಗಿ ಬೀಡಾ ಅಂಗಡಿಗೆ ಹೋಗಬೇಕಿಲ್ಲ. ಟಿಪ್ಪಣಿಯ ಜಾಗದಲ್ಲಿ "ಮದುವೆ" ಎಂದು ಬರೆದಿದ್ದರು. ವರ ಆಗ ಧಾರೆಯಲ್ಲಿ ಕೂತಿದ್ದ, ಪಂಚೆಯ ಸೊಂಟದಲ್ಲಿ ಫೋನು ಗುಂಯ್ ಎಂದಿತು. ಪುರೋಹಿತರು ಒಂದು ಕ್ಷಣ ನಿಲ್ಲಿಸಿದರು.

29

ಅಮೆರಿಕದಲ್ಲಿರುವ ಕನ್ನಡದವರ ಮದುವೆಗೆ 101 ಡಾಲರ್. ಒಂದು ಡಾಲರಿನ ನೋಟು ಸೇರಿಸಿ. ಕೆಲವರು 101ಕ್ಕೇ ಚೆಕ್ ಬರೆಯುತ್ತಾರೆ. ಚೆಕ್ ಯಾರ ಹೆಸರಿಗೆ? ಹುಡುಗಿ ಮದುವೆಯಾದ ಮೇಲೆ ಹೆಸರು ಬದಲಿಸುತ್ತಾಳೋ ಇಲ್ಲವೋ ಎಂದು ಕೇಳುವುದು ಸಭ್ಯತೆಯೋ ಅಲ್ಲವೋ?

ಹಾಗೆ ಹಾಕಿದ ಒಬ್ಬರನ್ನು ಮಂಡ್ಯದಲ್ಲಿರುವ ಅವರ ಅಮ್ಮ ಫೋನಿನಲ್ಲಿ ಕೇಳಿದ್ದು: "ನೂರಾ ಒಂದ್ ಡಾಲರ್ ಅಂದ್ರೆ ಇಲ್ಲಿ ಎಷ್ಟು? ಅಯ್ಯೋ, ಅಷ್ಟೊಂದಾ?"

30

ತಮಿಳುನಾಡಿನ ಪುದುಕೋಟ್ಟೈ, ತಂಜಾವೂರು ಭಾಗದಲ್ಲಿ ಮೊಯ್ ವಿರುಂದು ಎಂಬುದಿದೆ. ತಮಿಳು ಪಂಚಾಂಗದ ಆಡಿ ತಿಂಗಳ ಸುಮಾರಿಗೆ ನಡೆಯುತ್ತದೆ. ಪತ್ರಿಕೆ ಹೊಡೆಸುತ್ತಾರೆ, ಶಾಮಿಯಾನ ಹಾಕುತ್ತಾರೆ, ಮಾಂಸದೂಟ ಹಾಕುತ್ತಾರೆ. ಬಂದವರು ಉಂಡು ದುಡ್ಡು ಬರೆಸಿ ಹೋಗುತ್ತಾರೆ. ಮದುವೆ ಇರುವುದಿಲ್ಲ.

ಉಳಿದದ್ದೆಲ್ಲ ಇರುತ್ತದೆ.

31

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದು ಟಿಪ್ಪಣಿ ಮಾಡಿಕೊಂಡರು. ಹಳ್ಳಿಗೆ ರಾಂಪುರ ಎಂದು ಹೆಸರಿಟ್ಟರು. ವರ್ಷಗಟ್ಟಲೆ ವಿಂಗಡಿಸಿಟ್ಟ ಆ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದವು. ನೆನಪಿನಿಂದ ಬರೆದ ಪುಸ್ತಕ 1976ರಲ್ಲಿ ಬಂತು.

ಹಾಸನದ ಕಡೆಯ ಒಂದು ಮನೆಯ ಮುಯ್ಯಿ ಪುಸ್ತಕ ಗೆದ್ದಲಿಗೆ ಹೋಯಿತು. ಅಜ್ಜಿ ಗೋಡೆಗೆ ಒರಗಿ ಕೂತು ಹೇಳಿದರು, ಮೊಮ್ಮಗಳು ಹೊಸ ಪುಸ್ತಕಕ್ಕೆ ಬರೆದುಕೊಂಡಳು. ಅಜ್ಜಿಗೆ ಮೊತ್ತದ ಜೊತೆ ಕೊಟ್ಟವರು ಉಟ್ಟಿದ್ದ ಸೀರೆಯ ಬಣ್ಣವೂ ನೆನಪಿತ್ತು. ತಾವು ಬೇರೆಯವರಿಗೆ ಕೊಟ್ಟದ್ದನ್ನು ಒಂದನ್ನೂ ಬಿಡದೆ ಹೇಳಿದರು. ತಮಗೆ ಬಂದದ್ದರಲ್ಲಿ ಅಲ್ಲಲ್ಲಿ ತಡವರಿಸಿದರಂತೆ.

32

ಒಂದು ಮನೆಯ ಕೆಲಸದಾಕೆ ಮನೆಯವರ ಮಗಳ ಮದುವೆಗೆ 500 ಹಾಕಿದಳು. ಅದೇ ಮನೆಯ ಯಜಮಾನರ ಆಫೀಸಿನವರು ಹಾಕಿದ್ದು 200. ಪುಸ್ತಕದಲ್ಲಿ ಎರಡೂ ಒಂದರ ಕೆಳಗೊಂದು ಇವೆ.

ಎರಡು ವರ್ಷದ ಮೇಲೆ ಆಕೆಯ ಮಗಳ ಮದುವೆ. ಇವರು 5,000 ಮತ್ತು ಒಂದು ಸೀರೆ ಕೊಟ್ಟರು. ಆಕೆ ಸೀರೆ ತೆಗೆದುಕೊಂಡು, ದುಡ್ಡಿನಲ್ಲಿ 4,000ವನ್ನು ಮುಂಗಡ ಎಂದು ಇಟ್ಟುಕೊಂಡಳು, ತಿಂಗಳಿಗೆ 500 ಹಿಡಿದುಕೊಳ್ಳಿ ಎಂದಳು. "ಸಾವ್ರ ಸಾಕಮ್ಮ. ಇಲ್ದಿದ್ರೆ ನಿಮ್ ಮೊಮ್ಮಗಳ ಮದ್ವೆಗೆ ನಾನ್ ಎಲ್ಲಿಂದ ತರ್ಲಿ?"

ಮೊಮ್ಮಗಳಿಗೆ ಆಗ ಎಂಟು ತಿಂಗಳು.

33

ಅಣ್ಣತಮ್ಮಂದಿರು ಮೂವರು ಭಾಗವಾದರು. ಗದ್ದೆ, ಮನೆ, ಬೋರ್‌ವೆಲ್‌ನ ಸರದಿ, ಹಿತ್ತಲ ಮಾವಿನ ಮರ ಎಲ್ಲ ಪಾಲುಪಟ್ಟಿಯಲ್ಲಿ ಬಂತು. ಅಪ್ಪನ ಕಾಲದ ಮುಯ್ಯಿ ಪುಸ್ತಕ ಬರಲಿಲ್ಲ. ಅದು ದೊಡ್ಡವನ ಹತ್ತಿರ ಉಳಿಯಿತು. ನಡುವಿನವನು ತಾಲೂಕು ಕಚೇರಿಯ ಎದುರಿನ ಅಂಗಡಿಯಲ್ಲಿ ಪೂರ್ತಿ ಜೆರಾಕ್ಸ್ ಮಾಡಿಸಿಕೊಂಡ, ಪುಟಕ್ಕೆ ಎರಡು ರೂಪಾಯಿ. ಕೆಂಪು ಗುರುತುಗಳೂ ಕಪ್ಪಾಗಿಯೇ ಬಂದಿವೆ, ಅದರಿಂದ ಯಾವುದು ತೀರಿದ್ದು, ಯಾವುದು ಬರೀ ಇಂಕಿನ ಕಲೆ ಎಂದು ಆಗಾಗ ಅಣ್ಣನ ಮನೆಗೆ ಹೋಗಿ ನೋಡಬೇಕಾಗುತ್ತದೆ. ಮಾತು ಬಿಟ್ಟಿದ್ದಾರೆ, ಅದಕ್ಕೆ ಮಗನನ್ನು ಕಳಿಸುತ್ತಾನೆ.

ಕಿರಿಯವನು ಪುಸ್ತಕ ಕೇಳಲಿಲ್ಲ. ಅವನ ಪ್ರಶ್ನೆ ಬೇರೆ: ಅಪ್ಪನಿಗೆ 100 ಹಾಕಿದವರ ಮನೆಯ ಮದುವೆಗೆ ಈಗ ಮೂರು ಮನೆಯವರೂ ಹೋಗುತ್ತಾರೆ, ಮೂರು ಮನೆಯವರೂ ಉಣ್ಣುತ್ತಾರೆ. ಮೂವರೂ ಬೇರೆ ಬೇರೆ 500 ಹಾಕಬೇಕೋ, ಇಲ್ಲ ಮೂವರೂ ಸೇರಿ ಒಂದು 500 ಸಾಕೋ? ಪಾಲುಪಟ್ಟಿ ಬರೆದ ವಕೀಲರನ್ನು ಕೇಳಿದ. ಅವರು ಸಂಬಂಧಪಟ್ಟ ಮದುವೆ ಯಾವತ್ತು ಎಂದು ವಿಚಾರಿಸಿದರು. ಅವರಿಗೂ ಪತ್ರಿಕೆ ಬಂದಿತ್ತು.